ದುಡ್ಡು ಕೊಟ್ಟ ಇ-ಜರ್ನಲ್ ಹತ್ತು ವರ್ಷದ ನಂತರವೂ ತೆರೆಯಬೇಕು ಅಂದರೆ ಲೈಬ್ರರಿಯವರು ಏನು ಮಾಡಬೇಕು

ಚಂದಾ ನಿಲ್ಲಿಸಿ ಮೂರು ವಾರ ಆಗಿತ್ತು. ಸಂಶೋಧನೆ ಮಾಡುವ ಒಬ್ಬರು ಲೈಬ್ರರಿಗೆ ಫೋನ್ ಮಾಡಿದರು. "ಆರು ವರ್ಷ ಹಿಂದಿನ ಸಂಚಿಕೆ ತೆಗೆದರೆ ಲೇಖನ ಖರೀದಿ ಮಾಡಿ ಅಂತ ಬರ್ತಿದೆ. ಅದಕ್ಕೆ ನಾವು ಆಗಲೇ ದುಡ್ಡು ಕೊಟ್ಟಿದ್ದೆವು ಅಲ್ವಾ?" ಕೊಟ್ಟಿದ್ದೆವು. ನಾವು ನಿಲ್ಲಿಸಿದ್ದು ಮುಂದಿನ ವರ್ಷದ ಚಂದಾ ಮಾತ್ರ, ಹಿಂದಿನದನ್ನಲ್ಲ. ಪ್ರಕಾಶಕರಿಗೆ ಬರೆದರೆ, ಯಾವ ಯಾವ ವರ್ಷಕ್ಕೆ ನಿಮಗೆ ಹಕ್ಕಿದೆ ಅನ್ನೋದಕ್ಕೆ ದಾಖಲೆ ಕಳಿಸಿ ಎಂದರು. ಹುಡುಕಲು ಹೊರಟೆ. ಸಹಿ ಮಾಡಿದ ಒಪ್ಪಂದದ ಪ್ರತಿ ಇದ್ದದ್ದು ನಿವೃತ್ತರಾದ ಸಹೋದ್ಯೋಗಿಯ ಇಮೇಲ್‌ನಲ್ಲಿ. ಆ ಖಾತೆಯನ್ನು ಅಳಿಸಿ ಎರಡು ವರ್ಷವಾಗಿತ್ತು.

ಕೊನೆಗೆ ಲೆಕ್ಕಪತ್ರ ವಿಭಾಗದ ಹಳೇ ಕಡತದಲ್ಲಿ ನಾಲ್ಕು ವರ್ಷದ ಇನ್‌ವಾಯ್ಸ್ ಸಿಕ್ಕಿತು. ಆ ನಾಲ್ಕು ವರ್ಷದ ಸಂಚಿಕೆಗಳು ವಾಪಸ್ ಬಂದವು. ಉಳಿದ ವರ್ಷಗಳದ್ದು ಬರಲಿಲ್ಲ. ದುಡ್ಡು ಕೊಟ್ಟಿದ್ದು ನಿಜ, ಆದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಅಂದಿನಿಂದ ನಾನು ಮೂರು ವಿಷಯವನ್ನು ಬೇರೆ ಬೇರೆಯಾಗಿ ನೋಡುತ್ತೇನೆ: ಹಕ್ಕು, ಪ್ರತಿ, ಪುರಾವೆ. ಹಕ್ಕು ಒಪ್ಪಂದದಲ್ಲಿ ಇರುತ್ತದೆ. ಪ್ರತಿ ಯಾವುದೋ ಸರ್ವರ್‌ನಲ್ಲಿ ಇರುತ್ತದೆ, ಸಾಮಾನ್ಯವಾಗಿ ನಮ್ಮದಲ್ಲದ ಸರ್ವರ್‌ನಲ್ಲಿ. ಪುರಾವೆ ನಮ್ಮ ಫೋಲ್ಡರ್‌ನಲ್ಲಿ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಮಿಕ್ಕ ಎರಡರಿಂದ ಹೆಚ್ಚು ಉಪಯೋಗವಿಲ್ಲ. ಅಚ್ಚಾದ ಪುಸ್ತಕದಲ್ಲಿ ಈ ತಾಪತ್ರಯ ಇರಲಿಲ್ಲ, ಯಾಕೆಂದರೆ ಕಪಾಟಿನಲ್ಲಿರುವ ಪುಸ್ತಕ ಈ ಮೂರೂ ಆಗಿತ್ತು. ಪ್ರಕಾಶಕರು ಅಂಗಡಿ ಮುಚ್ಚಿದರೂ ಕಪಾಟು ಖಾಲಿ ಆಗುತ್ತಿರಲಿಲ್ಲ.

ಮೊದಲು ಕೊಂಡಿದ್ದೇನು ಅಂತ ತಿಳಿದುಕೊಳ್ಳಿ

ಡಿಜಿಟಲ್ ಸಾಮಗ್ರಿಯಲ್ಲಿ "ಕೊಂಡೆವು" ಅನ್ನುವ ಮಾತಿಗೆ ನಾಲ್ಕೈದು ಅರ್ಥ ಇದೆ. ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದರ ಮುಂದೆ ಅದು ಯಾವ ಬಗೆ ಎಂದು ಬರೆಯಿರಿ. ಒಂದು ದಿನದ ಕೆಲಸ, ಬೇಜಾರಿನ ಕೆಲಸ, ಆದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಪ್ರಕಾಶಕರಿಂದಲೇ ನೇರವಾಗಿ ಚಂದಾ ಕಟ್ಟಿ ತರಿಸುವ ಜರ್ನಲ್‌ಗಳಲ್ಲಿ, ಚಂದಾ ಇದ್ದ ವರ್ಷಗಳ ಸಂಚಿಕೆಗಳಿಗೆ ಶಾಶ್ವತ ಹಕ್ಕು ಕೇಳಬಹುದು, ಬಹಳಷ್ಟು ಕಡೆ ಸಿಗುತ್ತದೆ ಕೂಡ. ಹಳೆಯ ಸಂಪುಟಗಳ ಬ್ಯಾಕ್‌ಫೈಲ್ ಅನ್ನು ಒಂದೇ ಸಲ ದುಡ್ಡು ಕೊಟ್ಟು ತೆಗೆದುಕೊಂಡಿದ್ದರೆ ಅದಕ್ಕೂ ಅಷ್ಟೇ. ಆದರೆ ಹಲವು ಪ್ರಕಾಶಕರ ಸಾವಿರಾರು ಜರ್ನಲ್ ಸೇರಿಸಿ ಕೊಡುವ ದೊಡ್ಡ ಡೇಟಾಬೇಸ್‌ಗಳ ಕತೆ ಬೇರೆ. ಅವು ಬಾಡಿಗೆ ಮನೆ ಇದ್ದಂತೆ. ಬಾಡಿಗೆ ನಿಲ್ಲಿಸಿದ ದಿನ ಬೀಗದ ಕೈ ವಾಪಸ್. ಅಷ್ಟೇ ಅಲ್ಲ, ಪ್ರಕಾಶಕರು ಆ ಡೇಟಾಬೇಸ್‌ನಿಂದ ತಮ್ಮ ಜರ್ನಲ್ ಹಿಂತೆಗೆದುಕೊಂಡರೆ ನೀವು ದುಡ್ಡು ಕಟ್ಟುತ್ತಿದ್ದಾಗಲೇ ಅದು ಮಾಯವಾಗುತ್ತದೆ. ಹಾಗಾಗಿ "ಡೇಟಾಬೇಸ್‌ನಲ್ಲಿ ಹೇಗೂ ಬರುತ್ತಲ್ಲ" ಅಂತ ನೇರ ಚಂದಾ ನಿಲ್ಲಿಸುವ ಮುಂಚೆ ಎರಡು ಸಲ ಯೋಚಿಸಿ. ನಾನು ಒಮ್ಮೆ ಯೋಚಿಸದೆ ನಿಲ್ಲಿಸಿದ್ದೇನೆ. ಮಾರನೇ ವರ್ಷವೇ ಅದು ಡೇಟಾಬೇಸ್‌ನಿಂದಲೂ ಹೋಯಿತು.

ಇ-ಬುಕ್ ಇನ್ನೂ ಗೋಜಲು. ಕೆಲವು ಶಾಶ್ವತ ಲೈಸೆನ್ಸ್, ಆದರೆ ಒಂದು ಹೊತ್ತಿಗೆ ಒಬ್ಬರೇ ಓದಬೇಕು. ಕೆಲವು ಇಷ್ಟು ತಿಂಗಳು ಎಂಬ ಲೆಕ್ಕ, ಕೆಲವು ಇಷ್ಟು ಸಲ ಎಂಬ ಲೆಕ್ಕ. ಹಾರ್ಪರ್‌ಕಾಲಿನ್ಸ್ 2011ರಲ್ಲಿ ಒಂದು ಇ-ಬುಕ್ ಲೈಸೆನ್ಸ್‌ಗೆ 26 ಸಲ ಎರವಲು ಎಂದು ಮಿತಿ ಹಾಕಿದಾಗ ಲೈಬ್ರರಿಯವರು ಗಲಾಟೆ ಎಬ್ಬಿಸಿದ್ದರು. ಈಗ ಇಂಥ ಮಿತಿಗಳು ಮಾಮೂಲಾಗಿವೆ. ಸ್ಟ್ರೀಮಿಂಗ್ ವಿಡಿಯೊ ಹೆಚ್ಚಾಗಿ ಅವಧಿ ಲೆಕ್ಕದ್ದೇ. ಇವುಗಳಲ್ಲಿ ಶಾಶ್ವತ ಅಲ್ಲದ್ದಕ್ಕೆ ಮುಗಿಯುವ ತಾರೀಕು ಬರೆದಿಡಿ, ಮುಂದಿನದಕ್ಕೆ ಹೋಗಿ. ಸಿಗದ ಹಕ್ಕಿನ ಹಿಂದೆ ಬಿದ್ದು ಹೊತ್ತು ಕಳೆಯಬೇಡಿ.

ಇದು ದೊಡ್ಡ ಕಂಪನಿ, ಎಲ್ಲಿ ಹೋಗುತ್ತೆ ಅನ್ನುವ ಧೈರ್ಯವೂ ಬೇಡ. ಮೈಕ್ರೋಸಾಫ್ಟ್ ತನ್ನ ಇ-ಬುಕ್ ಅಂಗಡಿಯನ್ನು 2019ರಲ್ಲಿ ಮುಚ್ಚಿತು. ಓದುಗರಿಗೆ ಹಣ ವಾಪಸ್ ಕೊಟ್ಟಿತು ನಿಜ. ಆದರೆ ಪುಸ್ತಕಗಳು ತೆರೆಯುವುದು ನಿಂತೇಹೋಯಿತು, ಯಾಕೆಂದರೆ ಬೀಗ ತೆಗೆಯುವ ಸರ್ವರ್ ಇರಲಿಲ್ಲ. ಡಿಆರ್‌ಎಂ, ಅಂದರೆ ನಕಲು ತಡೆಯಲು ಹಾಕುವ ಡಿಜಿಟಲ್ ಬೀಗ, ಇರುವ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇದ್ದರೂ ಅದು ನಿಮ್ಮ ಪ್ರತಿ ಅಲ್ಲ.

ಒಪ್ಪಂದ ಓದುವ ಬಗೆ

"ಶಾಶ್ವತ ಪ್ರವೇಶ ಇದೆ" ಎಂದು ಮಾರಾಟದವರು ಹೇಳುತ್ತಾರೆ. ಬಾಯಿಮಾತು ಬಾಯಿಮಾತೇ. ಒಪ್ಪಂದದಲ್ಲಿ ಪರ್ಪೆಚ್ಯುಯಲ್ ಆಕ್ಸೆಸ್ (ಶಾಶ್ವತ ಪ್ರವೇಶ) ಅಥವಾ ಪೋಸ್ಟ್-ಕ್ಯಾನ್ಸಲೇಶನ್ ಆಕ್ಸೆಸ್ (ಚಂದಾ ನಿಂತ ಮೇಲಿನ ಪ್ರವೇಶ) ಅನ್ನುವ ಪದ ಹುಡುಕಿ. ಸಿಕ್ಕ ಕೂಡಲೇ ಖುಷಿಪಡಬೇಡಿ, ಆ ವಾಕ್ಯದ ಮುಂದೆ ಹಿಂದೆ ಏನಿದೆ ಓದಿ. ನಾನು ಓದುವಾಗ ಕೆಲವು ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ.

ಯಾವ ಸಾಮಗ್ರಿಗೆ ಹಕ್ಕು? ಬಿಗ್ ಡೀಲ್ ಅನ್ನುವ ದೊಡ್ಡ ಪ್ಯಾಕೇಜ್‌ಗಳಲ್ಲಿ ಇಲ್ಲೇ ಮೋಸ ಹೋಗುವುದು. ಪ್ಯಾಕೇಜ್‌ನಲ್ಲಿ ಎಂಟುನೂರು ಜರ್ನಲ್ ಬರಬಹುದು, ಆದರೆ ಶಾಶ್ವತ ಹಕ್ಕು ನೀವು ಮೊದಲಿಂದ ಚಂದಾ ಕಟ್ಟುತ್ತಿದ್ದ ಅರವತ್ತಕ್ಕೆ ಮಾತ್ರ ಇರಬಹುದು. ಚಂದಾ ಇರುವ ತನಕ ಹಳೆಯ ಸಂಪುಟಗಳೂ ತೆರೆಯುತ್ತವೆ, ಅವು ನಮ್ಮವೇ ಅಂದುಕೊಳ್ಳುತ್ತೇವೆ. ನಿಲ್ಲಿಸಿದ ಮೇಲೆ ನೋಡಿದರೆ, ಚಂದಾ ಇದ್ದ ವರ್ಷಗಳಲ್ಲಿ ಪ್ರಕಟವಾದ ಸಂಚಿಕೆಗಳು ಮಾತ್ರ ಉಳಿಯುತ್ತವೆ. ಅದಕ್ಕೇ ಒಪ್ಪಂದಕ್ಕೆ ಶೀರ್ಷಿಕೆಗಳ ಪಟ್ಟಿ ಲಗತ್ತಿಸಿರಬೇಕು. ಪ್ರತಿ ಶೀರ್ಷಿಕೆಯ ಮುಂದೆ ಮೊದಲ ವರ್ಷ, ಕೊನೆಯ ವರ್ಷ ಇರಬೇಕು. "ಜಾಲತಾಣದಲ್ಲಿರುವ ಪಟ್ಟಿಯಂತೆ" ಎಂದು ಬರೆದಿದ್ದರೆ ಒಪ್ಪಬೇಡಿ. ಆ ಪಟ್ಟಿಯನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು.

ಯಾವ ದಾರಿಯಲ್ಲಿ ಕೊಡುತ್ತಾರೆ? ತಮ್ಮದೇ ಜಾಲತಾಣದಲ್ಲಿ ತೆರೆದಿಡುತ್ತಾರಾ, ಬೇರೆ ಆರ್ಕೈವ್ ಮೂಲಕ ಕೊಡುತ್ತಾರಾ, ಇಲ್ಲಾ ಫೈಲ್‌ಗಳನ್ನು ಡಿಸ್ಕ್‌ನಲ್ಲಿ ತುಂಬಿ ಕಳಿಸಿ ಕೈತೊಳೆದುಕೊಳ್ಳುತ್ತಾರಾ? ಮೂರನೆಯದು ಕೇಳಲು ಚೆನ್ನಾಗಿದೆ. ಹಾಗೆ ಬಂದ ಒಂದು ಹಾರ್ಡ್ ಡಿಸ್ಕ್ ನಮ್ಮಲ್ಲಿತ್ತು. ತೆರೆದರೆ ಅಂಕಿಗಳೇ ಹೆಸರಾಗಿರುವ ಸಾವಿರಾರು ಫೋಲ್ಡರ್, ಒಳಗೆ ಎಕ್ಸ್‌ಎಂಎಲ್ ಮತ್ತು ಪಿಡಿಎಫ್. ಯಾವ ಲೇಖನ ಎಲ್ಲಿದೆ ಎಂದು ಹೇಳುವ ಸೂಚಿ ಇಲ್ಲ. ಅದನ್ನು ಓದುಗರಿಗೆ ತೋರಿಸಲು ಒಂದು ಹುಡುಕು ವ್ಯವಸ್ಥೆ ಕಟ್ಟಬೇಕಿತ್ತು, ಕಟ್ಟುವವರು ಇರಲಿಲ್ಲ. ಡಿಸ್ಕ್ ಬೀರುವಿನಲ್ಲೇ ಉಳಿಯಿತು. ಫೈಲ್ ತೆಗೆದುಕೊಳ್ಳುವುದೇ ಆದರೆ, ಜೊತೆಗೆ ಪೂರ್ತಿ ಮೆಟಾಡೇಟಾ (ಲೇಖನದ ಹೆಸರು, ಲೇಖಕರು, ಸಂಚಿಕೆ ಇತ್ಯಾದಿ ವಿವರ) ಬೇಕು, ಡಿಆರ್‌ಎಂ ಇರಬಾರದು, ನಮ್ಮ ಸರ್ವರ್‌ನಲ್ಲಿ ಇಟ್ಟು ನಮ್ಮ ಓದುಗರಿಗೆ ಕೊಡುವ ಅನುಮತಿ ಬೇಕು, ಮುಂದೆ ಫಾರ್ಮ್ಯಾಟ್ ಹಳತಾದರೆ ಬದಲಿಸುವ ಅನುಮತಿಯೂ ಬೇಕು. ಈ ನಾಲ್ಕನ್ನೂ ಬರೆಸಿಕೊಳ್ಳಿ.

ನಿಲ್ಲಿಸಿದ ಮೇಲೆ ಖರ್ಚು ಎಷ್ಟು? ಶಾಶ್ವತ ಹಕ್ಕು ಇದ್ದರೂ ವರ್ಷಕ್ಕಿಷ್ಟು ಪ್ಲಾಟ್‌ಫಾರ್ಮ್ ಶುಲ್ಕ ಕೇಳುವವರಿದ್ದಾರೆ. ಕೇಳುವುದೇ ತಪ್ಪು ಅನ್ನಲಾರೆ, ಸರ್ವರ್ ನಡೆಸಲು ದುಡ್ಡು ಬೇಕು. ಆದರೆ ಎಷ್ಟು, ಹೇಗೆ ಏರಿಸುತ್ತಾರೆ, ಕಟ್ಟದಿದ್ದರೆ ಹಕ್ಕೇ ಹೋಗುತ್ತದಾ ಅಥವಾ ಬೇರೆ ದಾರಿಯಲ್ಲಿ ಕೊಡುತ್ತಾರಾ ಎಂಬುದು ಇವತ್ತೇ ಬರಹದಲ್ಲಿ ಇರಲಿ.

ಜರ್ನಲ್ ಬೇರೆಯವರಿಗೆ ಮಾರಾಟವಾದರೆ? ಕಂಪನಿಯೇ ಮಾರಾಟವಾದರೆ? ಈ ಹಕ್ಕು ಹೊಸಬರಿಗೂ ಅನ್ವಯಿಸುತ್ತದೆ ಎಂಬ ಸಾಲು ಬೇಕು. ಒಪ್ಪಂದ ಮುಗಿದ ಮೇಲೂ ಯಾವ ಯಾವ ಕಲಮು ಉಳಿಯುತ್ತದೆ ಎಂದು ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಶಾಶ್ವತ ಪ್ರವೇಶದ ಕಲಮು ಅದರಲ್ಲಿ ಇದೆಯಾ ನೋಡಿ. ಎಷ್ಟೋ ಸಲ ಬರೆಯುವವರು ಮರೆತಿರುತ್ತಾರೆ. ಹಾಗೆಯೇ, ಯಾರೋ ಒಬ್ಬ ಓದುಗ ಎರಡು ಸಾವಿರ ಲೇಖನ ಒಟ್ಟಿಗೆ ಇಳಿಸಿಕೊಂಡು ನಿಯಮ ಮುರಿದ ಎಂದುಕೊಳ್ಳಿ. ಆಗ ಹತ್ತು ವರ್ಷದ ಹಕ್ಕನ್ನೇ ಕಿತ್ತುಕೊಳ್ಳುವ ಹಾಗೆ ಕಲಮು ಇದ್ದರೆ ತೆಗೆಸಿ.

ಕನ್ಸಾರ್ಟಿಯಂ, ಅಂದರೆ ಹಲವು ಸಂಸ್ಥೆಗಳು ಸೇರಿ ಚಂದಾ ಕೊಳ್ಳುವ ಕೂಟ, ಇದರ ಮೂಲಕ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ಸಹಿ ಹಾಕಿದ್ದು ಕನ್ಸಾರ್ಟಿಯಂ. ಹಾಗಾದರೆ ಹಕ್ಕು ಯಾರದ್ದು? ನೀವು ಅದರಿಂದ ಹೊರಗೆ ಬಂದರೆ, ಅಥವಾ ಅದೇ ಮುಚ್ಚಿಹೋದರೆ, ಪ್ರತಿ ಸದಸ್ಯ ಸಂಸ್ಥೆಗೂ ಹಕ್ಕು ಪ್ರತ್ಯೇಕವಾಗಿ ಉಳಿಯುತ್ತದೆ ಎಂದು ಬರೆದಿರಬೇಕು. ಜೊತೆಗೆ, ಸಹಿ ಆದ ಒಪ್ಪಂದದ ಒಂದು ಪ್ರತಿಯನ್ನು ಕನ್ಸಾರ್ಟಿಯಂ ಕಚೇರಿಯಿಂದ ತರಿಸಿಕೊಳ್ಳಿ. ಕೊಡಲ್ಲ ಅಂದರೆ ಯಾಕೆ ಅಂತ ಕೇಳಿ.

ಇನ್ನು ಕೆಲವು ಪದಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇರುತ್ತವೆ. "ಸಾಧ್ಯವಾದಷ್ಟು ಪ್ರಯತ್ನಿಸುತ್ತೇವೆ", "ವಾಣಿಜ್ಯವಾಗಿ ಸಮಂಜಸ ಎನಿಸಿದಷ್ಟು". ಇವು ಹಕ್ಕಲ್ಲ, ಹಾರೈಕೆ. "ಕೊಡುತ್ತೇವೆ" ಅಂತ ಬದಲಿಸಲು ಕೇಳಿ. ಕೇಳಿದರೆ ಒಪ್ಪುವವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಸಹಿ ಮುಂಚೆ ಮಾತ್ರ. ಸಹಿ ಆದ ಮೇಲೆ ಕೇಳುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಒಪ್ಪಂದ ಬರೆಯಲು ವಕೀಲರಿಲ್ಲದ ಚಿಕ್ಕ ಲೈಬ್ರರಿ, ಚಿಕ್ಕ ಪ್ರಕಾಶಕರು ಆಗಿದ್ದರೆ ಸೆರು ಎಂಬ ದಾರಿ ಇದೆ. ಅಮೆರಿಕದ ಮಾನಕ ಸಂಸ್ಥೆ ನೈಸೊ 2008ರಲ್ಲಿ ಹೊರತಂದದ್ದು. ಉದ್ದನೆಯ ಲೈಸೆನ್ಸ್ ಬದಲು ಇಬ್ಬರೂ ಒಪ್ಪುವ ಸಾಮಾನ್ಯ ತಿಳುವಳಿಕೆಯ ದಾಖಲೆ ಅದು. ಆರ್ಕೈವ್ ಮತ್ತು ಶಾಶ್ವತ ಪ್ರವೇಶದ ಬಗ್ಗೆಯೂ ಅದರಲ್ಲಿ ಒಂದು ಭಾಗ ಇದೆ. ದೊಡ್ಡ ಮೊತ್ತದ ವ್ಯವಹಾರಕ್ಕೆ ನಾನು ಇದನ್ನು ಬಳಸುವುದಿಲ್ಲ, ಒಂದೆರಡು ಜರ್ನಲ್ ತರಿಸಲು ಧಾರಾಳ ಸಾಕು.

ಮೂರನೆಯವರ ಹತ್ತಿರ ಒಂದು ಪ್ರತಿ

ಹಕ್ಕು ಸಿಕ್ಕಿತು. ಆದರೆ ಪ್ರಕಾಶಕರೇ ಇಲ್ಲವಾದರೆ? ಅದಕ್ಕಾಗಿ ಕಟ್ಟಿದ ವ್ಯವಸ್ಥೆಗಳಲ್ಲಿ ಮೂರು ಹೆಸರು ಪದೇ ಪದೇ ಕೇಳುತ್ತೀರಿ.

ಲಾಕ್ಸ್ ಶುರುವಾದದ್ದು 1999ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ. ಪ್ರತಿಗಳು ಎಷ್ಟು ಜಾಸ್ತಿ ಇದ್ದರೆ ಸಾಮಗ್ರಿ ಅಷ್ಟು ಭದ್ರ ಅನ್ನೋದು ಅದರ ಹಿಂದಿನ ಯೋಚನೆ, ಹೆಸರೂ (Lots of Copies Keep Stuff Safe) ಅದನ್ನೇ ಹೇಳುತ್ತದೆ. ಒಂದೊಂದು ಲೈಬ್ರರಿಯೂ ಒಂದು ಕಂಪ್ಯೂಟರ್ ಇಟ್ಟುಕೊಂಡು ತನಗೆ ಹಕ್ಕಿರುವ ಸಾಮಗ್ರಿಯನ್ನು ಪ್ರಕಾಶಕರ ಅನುಮತಿಯಿಂದ ಅದರಲ್ಲಿ ಕೂಡಿಡುತ್ತದೆ. ಈ ಕಂಪ್ಯೂಟರ್‌ಗಳು ಆಗಾಗ ಪರಸ್ಪರ ಹೋಲಿಸಿ ನೋಡಿಕೊಳ್ಳುತ್ತವೆ, ಒಂದರ ಪ್ರತಿ ಹಾಳಾಗಿದ್ದರೆ ಬೇರೆಯವುಗಳ ನೆರವಿನಿಂದ ಸರಿಮಾಡಿಕೊಳ್ಳುತ್ತವೆ. ನನಗೆ ಇದು ಬಹಳ ಇಷ್ಟವಾದ ವ್ಯವಸ್ಥೆ, ಯಾಕೆಂದರೆ ಪ್ರತಿ ನಮ್ಮ ಮನೆಯಲ್ಲೇ ಇರುತ್ತದೆ. ಆದರೆ ನೋಡಿಕೊಳ್ಳಲು ತಾಂತ್ರಿಕ ಕೈ ಬೇಕು.

ಅದೇ ತಂತ್ರಜ್ಞಾನದ ಮೇಲೆ ನಿಂತದ್ದು ಕ್ಲಾಕ್ಸ್. ಇಲ್ಲಿ ಪ್ರತಿ ನಿಮ್ಮ ಹತ್ತಿರ ಇರುವುದಿಲ್ಲ, ಜಗತ್ತಿನ ಬೇರೆ ಬೇರೆ ಭಾಗದ ಹನ್ನೆರಡು ದೊಡ್ಡ ಲೈಬ್ರರಿಗಳಲ್ಲಿ ಇರುತ್ತದೆ, ಬೀಗ ಹಾಕಿಕೊಂಡು. ಪೋರ್ಟಿಕೊ ಶುರುವಾದದ್ದು 2005ರಲ್ಲಿ, ಜೇಸ್ಟೋರ್ ಎಂಬ ಜರ್ನಲ್ ಸಂಗ್ರಹವನ್ನು ನಡೆಸುವ ಇಥಾಕಾ ಸಂಸ್ಥೆಯದೇ ಸೇವೆ. ಅದು ಪ್ರಕಾಶಕರಿಂದ ಮೂಲ ಫೈಲ್‌ಗಳನ್ನೇ ತರಿಸಿಕೊಂಡು ಕೇಂದ್ರದಲ್ಲಿ ಕಾಪಾಡುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ಬೀಗ ಹಾಕಿದ ಇಂಥ ಆರ್ಕೈವ್‌ಗೆ ಡಾರ್ಕ್ ಆರ್ಕೈವ್ ಎನ್ನುತ್ತಾರೆ. ಬೀಗ ತೆರೆಯಲು ಟ್ರಿಗರ್ ಆಗಬೇಕು. ಪ್ರಕಾಶಕರು ಕೆಲಸ ನಿಲ್ಲಿಸಬೇಕು, ಇಲ್ಲವೇ ಆ ಜರ್ನಲ್ ಅಥವಾ ಅದರ ಹಳೆಯ ಸಂಚಿಕೆಗಳು ಎಲ್ಲೂ ಸಿಗದ ಹಾಗೆ ಆಗಬೇಕು, ಇಲ್ಲವೇ ಅವರ ಸರ್ವರ್ ದೀರ್ಘಕಾಲ ಕೆಟ್ಟು ಕೂರಬೇಕು. ನೀವು ಚಂದಾ ನಿಲ್ಲಿಸಿದ್ದು ಟ್ರಿಗರ್ ಅಲ್ಲ! "ನಾವು ಪೋರ್ಟಿಕೊ ಸದಸ್ಯರು, ಹಾಗಾಗಿ ನಿಲ್ಲಿಸಿದರೂ ಚಿಂತೆಯಿಲ್ಲ" ಎಂದು ಸಭೆಗಳಲ್ಲಿ ಧೈರ್ಯವಾಗಿ ಹೇಳುವವರನ್ನು ಕೇಳಿದ್ದೇನೆ. ಪ್ರಕಾಶಕರು ಬದುಕಿದ್ದಾರೆ, ಜರ್ನಲ್ ಬರುತ್ತಲೇ ಇದೆ, ನಿಮಗೆ ಮಾತ್ರ ಬಾಗಿಲು ಮುಚ್ಚಿದೆ ಅಂದರೆ ಆ ಬೀಗ ತೆರೆಯುವುದಿಲ್ಲ. ಇದಕ್ಕೊಂದು ವಿನಾಯಿತಿ ಇದೆ: ಕೆಲವು ಪ್ರಕಾಶಕರು ಚಂದಾ ನಿಂತ ಮೇಲಿನ ಪ್ರವೇಶಕ್ಕೂ ಪೋರ್ಟಿಕೊವನ್ನೇ ದಾರಿಯಾಗಿ ಒಪ್ಪಿಕೊಂಡಿರುತ್ತಾರೆ. ನಿಮ್ಮ ಪ್ರಕಾಶಕರು ಆ ಪಟ್ಟಿಯಲ್ಲಿದ್ದಾರಾ ಕೇಳಿ ತಿಳಿದುಕೊಳ್ಳಿ.

ಟ್ರಿಗರ್ ಆದ ಮೇಲೂ ಎರಡರ ನಡುವೆ ವ್ಯತ್ಯಾಸ ಇದೆ. ಪೋರ್ಟಿಕೊದಲ್ಲಿ ತೆರೆದದ್ದು ಸದಸ್ಯ ಲೈಬ್ರರಿಗಳಿಗೆ. ಕ್ಲಾಕ್ಸ್‌ನಲ್ಲಿ ತೆರೆದದ್ದು ಇಡೀ ಜಗತ್ತಿಗೆ, ಉಚಿತವಾಗಿ. ಸೇಜ್ ಪ್ರಕಾಶನ ನಿಲ್ಲಿಸಿದ ಗ್ರಾಫ್ಟ್ ಎಂಬ ವೈದ್ಯಕೀಯ ಜರ್ನಲ್ 2008ರಲ್ಲಿ ಕ್ಲಾಕ್ಸ್‌ನಿಂದ ಹೀಗೆ ಹೊರಬಂತು. ಸದಸ್ಯರಲ್ಲದವರಿಗೂ ಸಿಗುತ್ತದಲ್ಲ, ನಾವು ಯಾಕೆ ದುಡ್ಡು ಕೊಡಬೇಕು ಎಂದು ನಿಮ್ಮ ಹಣಕಾಸಿನವರು ಕೇಳಬಹುದು. ಎಲ್ಲರೂ ಹಾಗೇ ಕೇಳಿದರೆ ಆ ಸರ್ವರ್ ನಡೆಯುವುದಿಲ್ಲ. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಯಾವ ಜರ್ನಲ್ ಯಾರ ಹತ್ತಿರ ಭದ್ರವಾಗಿದೆ ಅಂತ ನೋಡಲು ಕೀಪರ್ಸ್ ರಿಜಿಸ್ಟ್ರಿ ಇದೆ. ಈಗ ಅದನ್ನು ನಡೆಸುವುದು ಐಎಸ್‌ಎಸ್‌ಎನ್ (ಜರ್ನಲ್‌ಗಳಿಗೆ ಕೊಡುವ ಗುರುತಿನ ಸಂಖ್ಯೆ) ಅಂತರರಾಷ್ಟ್ರೀಯ ಕೇಂದ್ರ, ಅವರ ಪೋರ್ಟಲ್‌ನಲ್ಲೇ ಸಿಗುತ್ತದೆ. ಐಎಸ್‌ಎಸ್‌ಎನ್ ಹಾಕಿ ಹುಡುಕಿ. ಹೆಸರು ಬಂತು ಅಂತ ಪುಟ ಮುಚ್ಚಬೇಡಿ, ಯಾವ ಯಾವ ಸಂಪುಟ ಎಂದು ನೋಡಿ. ಎಷ್ಟೋ ಶೀರ್ಷಿಕೆಗಳಲ್ಲಿ ಒಂದಷ್ಟು ಸಂಪುಟ ಇರುತ್ತದೆ, ನಡುವೆ ನಾಲ್ಕು ವರ್ಷ ಇರುವುದಿಲ್ಲ, ಮತ್ತೆ ಶುರುವಾಗುತ್ತದೆ. ಆ ಖಾಲಿ ವರ್ಷಗಳನ್ನು ಬರೆದುಕೊಂಡು ಪ್ರಕಾಶಕರಿಗೆ ಕಳಿಸಿ. ಒಬ್ಬರು ಕೇಳಿದರೆ ಸುಮ್ನೆ ಇರುತ್ತಾರೆ, ಹತ್ತು ಲೈಬ್ರರಿ ಕೇಳಿದರೆ ಕೆಲಸ ಆಗುತ್ತದೆ.

ಈ ಖಾಲಿ ಜಾಗ ಸಣ್ಣದಲ್ಲ. ಡಿಒಐ (ಲೇಖನಕ್ಕೆ ಕೊಡುವ ಕಾಯಂ ಗುರುತು ಸಂಖ್ಯೆ) ಇರುವ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಬರಹಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬರಹಗಳು ಯಾವ ದೊಡ್ಡ ಆರ್ಕೈವ್‌ನಲ್ಲೂ ಸಿಗಲಿಲ್ಲ. ಡಿಒಐ ಇದ್ದರೆ ಶಾಶ್ವತ ಅನ್ನುವವರಿಗೆ ಇದನ್ನು ತೋರಿಸಿ. ಡಿಒಐ ಬರೀ ವಿಳಾಸ. ಮನೆ ಬಿದ್ದುಹೋದರೆ ವಿಳಾಸ ಇಟ್ಟುಕೊಂಡು ಏನು ಮಾಡುವುದು? ಉಚಿತವಾಗಿ ತೆರೆದಿರುವ ಜರ್ನಲ್‌ಗಳೂ ಭದ್ರ ಅಲ್ಲ. 2000ದಿಂದ 2019ರ ನಡುವೆ 176 ಓಪನ್ ಆಕ್ಸೆಸ್ ಜರ್ನಲ್‌ಗಳು ಅಂತರ್ಜಾಲದಿಂದಲೇ ಕಣ್ಮರೆಯಾದವು ಎಂದು ಇನ್ನೊಂದು ಅಧ್ಯಯನ ಲೆಕ್ಕ ಹಾಕಿದೆ. ಹಾಗಾಗಿ ನಿಮ್ಮ ಸಂಸ್ಥೆಯೇ ಓಜೆಎಸ್ ಎಂಬ ಜರ್ನಲ್ ನಡೆಸುವ ತಂತ್ರಾಂಶದಲ್ಲಿ ಒಂದು ಜರ್ನಲ್ ನಡೆಸುತ್ತಿದ್ದರೆ, ಅದನ್ನು ರೂಪಿಸಿದ ಪಿಕೆಪಿಯವರದ್ದೇ ಸಂರಕ್ಷಣಾ ಜಾಲ ಇದೆ, ಒಂದು ಪ್ಲಗಿನ್ ಹಾಕಿಕೊಂಡು ಸೇರಬಹುದು. ಬೇರೆಯವರ ಪ್ರಕಾಶನ ಮುಳುಗಿದರೆ ಅಂತ ಚಿಂತೆ ಮಾಡುತ್ತಾ ನಮ್ಮದನ್ನೇ ಮರೆತವರು ಬೇಕಾದಷ್ಟು ಜನ. ನಾನೂ ಅವರಲ್ಲಿ ಒಬ್ಬ.

ಫೋಲ್ಡರ್

ಇದಕ್ಕೆ ಯಾವ ತಂತ್ರಾಂಶವೂ ಬೇಡ. ಪ್ರಕಾಶಕರಿಗೊಂದು ಫೋಲ್ಡರ್, ಒಳಗೆ ವರ್ಷಕ್ಕೊಂದು ಫೋಲ್ಡರ್. ಪ್ರತಿ ವರ್ಷದ್ದರಲ್ಲಿ ಇರಬೇಕಾದದ್ದು: ಇಬ್ಬರೂ ಸಹಿ ಮಾಡಿದ ಒಪ್ಪಂದ, ಆ ವರ್ಷದ ಶೀರ್ಷಿಕೆ ಪಟ್ಟಿ, ಇನ್‌ವಾಯ್ಸ್, ಹಣ ಸಂದಾಯದ ದಾಖಲೆ, ಮತ್ತು ಒಪ್ಪಂದದ ಅರ್ಥ ಬದಲಿಸುವ ಯಾವುದೇ ಇಮೇಲ್ ಪಿಡಿಎಫ್ ರೂಪದಲ್ಲಿ. ಗ್ರಾಹಕ ಸಂಖ್ಯೆ ಬದಲಾದರೆ ಹಳೆಯದನ್ನೂ ಇಟ್ಟುಕೊಳ್ಳಿ, ಕಂಪನಿಗಳು ವಿಲೀನವಾದಾಗ ನಿಮ್ಮ ಹಳೆಯ ಹಕ್ಕು ಹಳೆಯ ಸಂಖ್ಯೆಯ ಅಡಿಯಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ.

ಶೀರ್ಷಿಕೆ ಪಟ್ಟಿಯನ್ನು ಕೆಬಾರ್ಟ್ ರೂಪದಲ್ಲಿ ಕೇಳಿ. ಹೆಸರು, ಐಎಸ್‌ಎಸ್‌ಎನ್, ಯಾವ ಸಂಪುಟದಿಂದ ಯಾವ ಸಂಪುಟದ ತನಕ, ಕೊಂಡಿ, ಎಲ್ಲ ಕಾಲಂ ಆಗಿ ಬರುವ ಸರಳ ಫೈಲ್ ಅದು. ಪ್ರಕಾಶಕರ ಆಡಳಿತ ಪುಟದಲ್ಲಿ ನಿಮ್ಮ ಸಂಸ್ಥೆಗೆ ಏನೇನು ತೆರೆದಿದೆ ಅಂತ ಒಂದು ವರದಿ ಸಿಗುತ್ತದೆ, ಅದನ್ನೂ ವರ್ಷಕ್ಕೊಮ್ಮೆ ಇಳಿಸಿಕೊಳ್ಳಿ. ಹೋದ ವರ್ಷದ್ದರ ಜೊತೆ ಹೋಲಿಸಿ. ಯಾವುದೋ ಹನ್ನೆರಡು ಶೀರ್ಷಿಕೆ ಸದ್ದಿಲ್ಲದೆ ಮಾಯವಾಗಿದ್ದರೆ ಗೊತ್ತಾಗುವುದು ಆಗಲೇ.

ಈ ಫೋಲ್ಡರ್ ಒಬ್ಬರ ಲಾಗಿನ್ ಒಳಗೆ ಇರಬಾರದು. ಕಚೇರಿಯ ಹಂಚಿಕೆ ಡ್ರೈವ್‌ನಲ್ಲಿ ಇರಲಿ, ಬ್ಯಾಕಪ್ ಬೇರೆ ಕಡೆ ಇರಲಿ, ಒಪ್ಪಂದವನ್ನು ಮಾತ್ರ ಕಾಗದದಲ್ಲೂ ಇಡಿ. ಪ್ರಕಾಶಕರ ಜೊತೆಗಿನ ಪತ್ರವ್ಯವಹಾರವನ್ನು ವ್ಯಕ್ತಿಯ ವಿಳಾಸದಿಂದ ಮಾಡಬೇಡಿ, ಲೈಬ್ರರಿಯದೇ ಒಂದು ಇಮೇಲ್ ವಿಳಾಸ ಮಾಡಿಸಿಕೊಳ್ಳಿ. ಮೇಲೆ ಹೇಳಿದ ಕತೆಯಲ್ಲಿ ಇದೊಂದೇ ಇದ್ದಿದ್ದರೂ ನಾವು ಪಾರಾಗುತ್ತಿದ್ದೆವು.

ವರ್ಷಕ್ಕೊಮ್ಮೆ ತಟ್ಟಿ ನೋಡಿ

ಜನವರಿ ಕಳೆದು ಫೆಬ್ರವರಿಯಲ್ಲಿ ಮಾಡಿ. ಜರ್ನಲ್ ಚಂದಾ ಸಾಮಾನ್ಯವಾಗಿ ಕ್ಯಾಲೆಂಡರ್ ವರ್ಷದ್ದು, ಪ್ರಕಾಶಕರ ಬದಲಾವಣೆಗಳೂ ಜನವರಿಯಲ್ಲೇ ಜಾಸ್ತಿ. ಪ್ರತಿ ಪ್ರಕಾಶಕರಿಂದ ಒಂದಿಪ್ಪತ್ತು ಸಂಚಿಕೆ ಆರಿಸಿ: ಹಕ್ಕು ಶುರುವಾದ ವರ್ಷದ್ದು, ನಡುವಿನದ್ದು, ಕೊನೆಯದ್ದು. ಸಾರಾಂಶ ಕಂಡರೆ ಸಾಲದು, ಪೂರ್ತಿ ಲೇಖನ ತೆರೆಯಿರಿ. ನಿಲ್ಲಿಸಿದ ಚಂದಾಗಳನ್ನು ಈ ಪರೀಕ್ಷೆಯಿಂದ ಕೈಬಿಡಬೇಡಿ, ನಿಜ ಹೇಳಬೇಕೆಂದರೆ ಅವುಗಳಿಗಾಗಿಯೇ ಈ ಪರೀಕ್ಷೆ.

ಯಾಕೆ ಅಂತ ಹೇಳುತ್ತೇನೆ. ಸಂಸ್ಥೆ ಇಂಟರ್ನೆಟ್ ಸೇವೆ ಬದಲಿಸುತ್ತದೆ, ಪ್ರಕಾಶಕರು ನಮ್ಮನ್ನು ಗುರುತಿಸುವ ಐಪಿ ವಿಳಾಸಗಳು (ನಮ್ಮ ಕಂಪ್ಯೂಟರ್‌ಗಳ ಇಂಟರ್ನೆಟ್ ಸಂಖ್ಯೆಗಳು) ಬದಲಾಗುತ್ತವೆ. ಚಂದಾ ನಡೆಯುತ್ತಿರುವ ಪ್ರಕಾಶಕರಿಗೆಲ್ಲ ಹೊಸ ವಿಳಾಸ ಕಳಿಸುತ್ತೇವೆ. ಐದು ವರ್ಷ ಹಿಂದೆ ನಿಲ್ಲಿಸಿದವರಿಗೆ ಕಳಿಸಬೇಕು ಅಂತ ಯಾರಿಗೆ ನೆನಪಿರುತ್ತದೆ? ಅಲ್ಲಿಗೆ ಶಾಶ್ವತ ಹಕ್ಕು ಇದ್ದೂ ಇಲ್ಲದ ಹಾಗೆ. ಲಾಗಿನ್ ವ್ಯವಸ್ಥೆ, ಪ್ರಾಕ್ಸಿ (ಹೊರಗಿರುವ ಓದುಗರನ್ನು ನಮ್ಮ ವಿಳಾಸದ ಮೂಲಕ ಕಳಿಸುವ ಸರ್ವರ್) ಬದಲಾದಾಗಲೂ ಇದೇ ಕತೆ. ಐಪಿ ಬದಲಾದರೆ ಯಾರಿಗೆಲ್ಲ ತಿಳಿಸಬೇಕು ಎಂಬ ಪಟ್ಟಿಯನ್ನು ಮೇಲಿನ ಫೋಲ್ಡರ್‌ನಲ್ಲೇ ಇಡಿ, ನಿಂತುಹೋದವರ ಹೆಸರೂ ಸೇರಿ.

ಜರ್ನಲ್ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ಹೋದಾಗ ಪಾಲಿಸಬೇಕಾದ ಟ್ರಾನ್ಸ್‌ಫರ್ ಎಂಬ ನೀತಿಸಂಹಿತೆ ಇದೆ. ಈ ಗ್ರಾಹಕರಿಗೆ ಈ ವರ್ಷಗಳ ಶಾಶ್ವತ ಹಕ್ಕಿದೆ ಎಂಬ ಮಾಹಿತಿಯನ್ನು ಬಿಟ್ಟುಕೊಡುವವರು ತೆಗೆದುಕೊಳ್ಳುವವರಿಗೆ ಕೊಡಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಅದು ಒಪ್ಪಿಕೊಂಡವರಿಗೆ ಮಾತ್ರ, ಕಾನೂನಲ್ಲ. ನಿಮ್ಮ ಜರ್ನಲ್ ಕೈಬದಲಾಯಿಸುತ್ತದೆ ಎಂದು ಗೊತ್ತಾದ ದಿನವೇ ಇಬ್ಬರಿಗೂ ಬರೆಯಿರಿ.

ನಿಲ್ಲಿಸುವಾಗ

ನಿಲ್ಲಿಸುವ ಪತ್ರ ಕಳಿಸುವ ಮುಂಚೆ ಹಕ್ಕುಗಳ ವರದಿ ಇಳಿಸಿಕೊಳ್ಳಿ. ಕಳಿಸಿದ ಮೇಲೆ ಆಡಳಿತ ಪುಟವೇ ಮುಚ್ಚಬಹುದು. ಆಮೇಲೆ ನಮ್ಮದೇ ಕಡೆಯ ತಪ್ಪು ಒಂದಿದೆ: ಚಂದಾ ನಿಂತಿತು ಅಂತ ಕ್ಯಾಟಲಾಗ್‌ನಿಂದ, ಲಿಂಕ್ ರಿಸಾಲ್ವರ್‌ನಿಂದ (ಓದುಗರನ್ನು ಪೂರ್ತಿ ಲೇಖನಕ್ಕೆ ಕರೆದೊಯ್ಯುವ ವ್ಯವಸ್ಥೆ) ಶೀರ್ಷಿಕೆಯನ್ನೇ ತೆಗೆದುಬಿಡುವುದು. ಆಗ ಪ್ರಕಾಶಕರು ಬಾಗಿಲು ತೆರೆದಿಟ್ಟಿದ್ದರೂ ಓದುಗರಿಗೆ ದಾರಿ ಕಾಣುವುದಿಲ್ಲ. ತೆಗೆಯಬೇಡಿ. ಕೊನೆಯ ವರ್ಷವನ್ನು ಮಾತ್ರ ಹಾಕಿ, "ಇಂತಿಂಥ ವರ್ಷದ ಸಂಚಿಕೆಗಳು ಲಭ್ಯ" ಎಂದು.

ನಿಲ್ಲಿಸಿದ ಕೂಡಲೇ ಎಲ್ಲ ಸರಿಯಾಗಿ ತೆರೆದರೆ ನಂಬಬೇಡಿ, ಅದು ರಿಯಾಯಿತಿ ಅವಧಿ ಇರಬಹುದು. ಮೂರು ತಿಂಗಳ ನಂತರ ಇನ್ನೊಮ್ಮೆ ನೋಡಿ.

ಅಷ್ಟಾದರೂ ಬಾಗಿಲು ಮುಚ್ಚಿದರೆ, ಮೊದಲು ಐಪಿ ನೋಡಿ, ಎಷ್ಟೋ ಸಲ ಅದೇ ಆಗಿರುತ್ತದೆ. ಅಲ್ಲ ಅಂದರೆ ಪ್ರಕಾಶಕರಿಗೆ ಪತ್ರ. ಮಾರಾಟದವರಿಗೆ ಮಾತ್ರ ಬರೆದರೆ ಮುಂದಿನ ಚಂದಾದ ಮಾತು ತೆಗೆಯುತ್ತಾರೆ, ಗ್ರಾಹಕ ಸೇವೆಗೂ ಬರೆಯಿರಿ. ಸಿಟ್ಟಿನ ಮಾತು ಬೇಡ, ಇತಿಹಾಸವೂ ಬೇಡ. ನಾನು ಬಳಸುವುದು ಸುಮಾರು ಹೀಗಿದೆ, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ:

"ನಮ್ಮ ಗ್ರಾಹಕ ಸಂಖ್ಯೆ ಇದು. ಇಂಥ ತಾರೀಕಿನ ಒಪ್ಪಂದದ ಇಂಥ ಕಲಮಿನ ಪ್ರಕಾರ, ಲಗತ್ತಿಸಿದ ಪಟ್ಟಿಯಲ್ಲಿರುವ ಶೀರ್ಷಿಕೆಗಳ ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಸಂಚಿಕೆಗಳಿಗೆ ನಮಗೆ ಶಾಶ್ವತ ಪ್ರವೇಶ ಇದೆ. ಇಂದು ಪರೀಕ್ಷಿಸಿದಾಗ ಕೆಳಗಿನ ಐದು ಲೇಖನಗಳು ತೆರೆಯಲಿಲ್ಲ, ಚಿತ್ರ ಲಗತ್ತಿಸಿದೆ. ನಮ್ಮ ಈಗಿನ ಐಪಿ ವಿಳಾಸಗಳು ಇವು. ದಯವಿಟ್ಟು ಪ್ರವೇಶ ಸರಿಪಡಿಸಿ, ನಮ್ಮ ಹೆಸರಿನಲ್ಲಿರುವ ಎಲ್ಲ ಶಾಶ್ವತ ಹಕ್ಕುಗಳ ಪಟ್ಟಿಯನ್ನು ಕಳಿಸಿಕೊಡಿ."

ಆ ಕೊನೆಯ ಸಾಲನ್ನು ಬಿಡಬೇಡಿ. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಕನ್ಸಾರ್ಟಿಯಂಗೆ ಪ್ರತಿ ಹಾಕಿ ಮತ್ತೆ ಕಳಿಸಿ, ಅಷ್ಟರಲ್ಲಿ ಓದುಗರಿಗೆ ಬೇಕಾದ ಲೇಖನವನ್ನು ಬೇರೆ ಲೈಬ್ರರಿಯಿಂದ ಎರವಲು ತರಿಸಿಕೊಡಿ, ಅವರು ನಮ್ಮ ಜಗಳ ಮುಗಿಯುವ ತನಕ ಕಾಯುತ್ತಾ ಕೂರಲಾರರು. ಪಟ್ಟಿ ಬಂದ ಮೇಲೆ ಪಿಡಿಎಫ್ ಮಾಡಿ, ತಾರೀಕು ಹಾಕಿ, ಆ ವರ್ಷದ ಫೋಲ್ಡರ್‌ಗೆ ಸೇರಿಸಿ.